ಪಾಳುಬಿದ್ದ ಗಿರಿದುರ್ಗವನ್ನು ನೋಡುವ ಬಗೆ: ನೀರಿನ ಜಾಡು ಹಿಡಿದು

ಪ್ರಶ್ನೆ: ಈಚೆಗೆ ಮನೆಮಂದಿಯೆಲ್ಲ ಸೇರಿ ಒಂದು ಹಳೆಯ ಬೆಟ್ಟದ ಕೋಟೆಗೆ ಹೋಗಿದ್ದೆವು. ಎರಡು ಗಂಟೆ ಏದುಸಿರು ಬಿಡುತ್ತ ಹತ್ತಿದ ಮೇಲೆ ಕಂಡದ್ದು ಮುರಿದ ಗೋಡೆಗಳು, ಮುಳ್ಳುಗಿಡಗಳು, ಪಾಚಿಗಟ್ಟಿದ ಒಂದೆರಡು ಹೊಂಡಗಳು. ಜೊತೆಗೆ ಬಂದಿದ್ದವರು ರಾಣಿಯ ಸುರಂಗ, ಹೂತಿಟ್ಟ ನಿಧಿ ಎಂದೆಲ್ಲ ಕಥೆ ಹೇಳಿದರು. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ. ಅರ್ಧ ಗಂಟೆಯಲ್ಲಿ ಫೋಟೊ ತೆಗೆದುಕೊಂಡು ಇಳಿದುಬಂದೆವು. ಈಗ ಇನ್ನೊಂದು ಕೋಟೆಗೆ ಹೋಗುವ ಆಲೋಚನೆಯಿದೆ. 70 ದಾಟಿದ ನಮ್ಮ ತಂದೆಯವರೂ 11 ವರ್ಷದ ಮಗಳೂ ಬರಲಿದ್ದಾರೆ. ಇಂಥ ಕಡೆ ಏನನ್ನು ನೋಡಬೇಕು, ಹೇಗೆ ನೋಡಬೇಕು, ಯಾವ ಎಚ್ಚರಿಕೆ ಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಪಾಚಿಗಟ್ಟಿದ ಹೊಂಡಗಳ ಪ್ರಸ್ತಾಪ ಪಟ್ಟಿಯ ಕೊನೆಯಲ್ಲಿ, ನೋಡಲು ಯೋಗ್ಯವಲ್ಲದ ವಸ್ತುವೆಂಬಂತೆ ಬಂದಿದೆ. ನನ್ನ ತಿಳಿವಳಿಕೆಯಲ್ಲಿ ಬೆಟ್ಟದ ಮೇಲಿನ ಕೋಟೆಯನ್ನು ನೋಡುವ ಕೆಲಸ ಆ ಹೊಂಡದ ದಡದಿಂದಲೇ ಆರಂಭವಾಗಬೇಕು. ಗೋಡೆ, ಬುರುಜು, ಬಾಗಿಲು, ಅರಮನೆ ಇವೆಲ್ಲ ಆಮೇಲೆ ಬರುವಂಥವು. ಬಂಡೆಯ ನೆತ್ತಿಯ ಮೇಲೆ ನೂರಾರು ಜನ, ಅವರ ದನ, ಕುದುರೆಗಳು ಮುತ್ತಿಗೆಯ ಕಾಲದಲ್ಲಿ ತಿಂಗಳುಗಟ್ಟಲೆ ಬದುಕಿ ಉಳಿಯಬೇಕಾದರೆ ಮೊದಲು ಬೇಕಾದದ್ದು ನೀರು. ನೀರಿಲ್ಲದ ಬೆಟ್ಟಕ್ಕೆ ಎಷ್ಟು ದಪ್ಪದ ಗೋಡೆ ಕಟ್ಟಿದರೂ ಶತ್ರುವು ಕೆಳಗೆ ಬಿಡಾರ ಹೂಡಿ ಸುಮ್ಮನೆ ಕಾದರೆ ಸಾಕು, ಬಾಗಿಲು ತಾನಾಗಿ ತೆರೆಯುತ್ತದೆ. ಕೋಟೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವರು ಬೆಟ್ಟವನ್ನು ಆರಿಸಿಕೊಂಡ ಕಾರಣ, ಗೋಡೆಯನ್ನು ಎಳೆದ ರೇಖೆ, ಬಾಗಿಲನ್ನು ಇಟ್ಟ ದಿಕ್ಕು, ಕೊನೆಗೆ ಕೋಟೆ ಬಿದ್ದ ರೀತಿ ಕೂಡ ಬಹಳ ಸಲ ನೀರಿನ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಆ ಲೆಕ್ಕವನ್ನು ನೀವೇ ಹಾಕಿ ನೋಡಬಹುದು, ಮಗಳಿಂದಲೂ ಹಾಕಿಸಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹಾಗಾದರೆ ಒಂದು ಹೆಕ್ಟೇರ್ ಬರಿಬಂಡೆಯ ಮೇಲೆ 60 ಮಿಲಿಮೀಟರ್ ಮಳೆ ಸುರಿದರೆ 6 ಲಕ್ಷ ಲೀಟರ್ ಹರಿದು ಬರುತ್ತದೆ, ಏಕೆಂದರೆ ಬಂಡೆಯು ಮಣ್ಣಿನ ನೆಲದಂತೆ ನೀರನ್ನು ಹೀರುವುದಿಲ್ಲ. 20 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವೊಂದು ಅಷ್ಟು ನೀರನ್ನು ಹಿಡಿಯುತ್ತದೆ. ತಲೆಗೆ ದಿನಕ್ಕೆ 5 ಲೀಟರಿನಂತೆ 500 ಜನರಿಗೆ ಹಂಚಿದರೆ ಅದು 240 ದಿನಗಳ ನೀರು. ಬಿಸಿಲಿಗೆ ಆವಿಯಾಗಿ ಹೋಗುವುದನ್ನೂ ಪ್ರಾಣಿಗಳು ಕುಡಿಯುವುದನ್ನೂ ಕಳೆಯಬೇಕು. ಒಂದು ಆನೆಯೇ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಹೀಗೆ ಹೆಜ್ಜೆಯಿಂದ ಹೊಂಡದ ಉದ್ದ ಅಗಲ ಅಳೆದು, ಆಳವನ್ನು ಅಂದಾಜಿಸಿ, ಎಷ್ಟು ಜನ ಎಷ್ಟು ಕಾಲ ಬದುಕಬಹುದಿತ್ತು ಎಂದು ಗುಣಿಸಿದಾಗ ಪಾಚಿಗಟ್ಟಿದ ಗುಂಡಿ ಆ ಕೋಟೆಯ ಆಯುಷ್ಯವನ್ನು ಹೇಳತೊಡಗುತ್ತದೆ. ಯಾವ ಅರಮನೆಯ ಗೋಡೆಯೂ ಇಷ್ಟು ನೇರವಾಗಿ ಮಾತಾಡುವುದನ್ನು ನಾನು ಕಂಡಿಲ್ಲ.

ಹೊಂಡದ ಬಳಿ ನಿಂತಾಗ ಮೂರು ವಿಷಯಗಳನ್ನು ಹುಡುಕಿ: ನೀರು ಎಲ್ಲಿಂದ ಬಂತು, ಎಲ್ಲಿ ತಿಳಿಯಾಯಿತು, ತುಂಬಿದ ಮೇಲೆ ಎಲ್ಲಿಗೆ ಹೋಯಿತು. ಸುತ್ತಲಿನ ಬಂಡೆಯ ಮೇಲೆ ಉಳಿಯಿಂದ ಕೊರೆದ ಬೆರಳಗಲದ ಅಥವಾ ಗೇಣಗಲದ ಕಾಲುವೆಗಳು ಇಳಿಜಾರಿನ ಉದ್ದಕ್ಕೆ ಹೊಂಡದ ಕಡೆಗೆ ಬಾಗಿ ಬರುತ್ತಿರುತ್ತವೆ. ಮಧ್ಯಾಹ್ನದ ಬೆಳಕಿನಲ್ಲಿ ಅವು ಕಾಣಿಸುವುದೇ ಇಲ್ಲ, ಬೆಳಗಿನ ಓರೆಬಿಸಿಲಿನಲ್ಲಿ ನೆರಳುಗೆರೆಯಂತೆ ಎದ್ದು ತೋರುತ್ತವೆ. ಕಾಲುವೆ ಹೊಂಡವನ್ನು ಸೇರುವ ಮೊದಲು ಹೂಳು ತಂಗಲೆಂದು ಮಾಡಿದ ಸಣ್ಣ ಗುಂಡಿ ಇರಬಹುದು. ಹೊಂಡದ ಬದಿಗೆ ಬಳಿದ ಗಾರೆಯ ತುಣುಕುಗಳು ಇನ್ನೂ ಅಂಟಿಕೊಂಡಿರಬಹುದು. ಒಂದು ಕಡೆ ಅಂಚನ್ನು ತುಸು ತಗ್ಗಿಸಿ ಕೋಡಿ ಬಿಟ್ಟಿದ್ದರೆ ಆ ಕೋಡಿಯ ದಾರಿಯಲ್ಲಿ ಇಳಿದು ನೋಡಿ; ಬಹಳ ಕಡೆ ಕೆಳಗಿನ ಹಂತದಲ್ಲಿ ಇನ್ನೊಂದು ಹೊಂಡ ಸಿಗುತ್ತದೆ. ಚಿತ್ರದುರ್ಗದಲ್ಲಿ ಈ ಏರ್ಪಾಡು ಇಂದಿಗೂ ಕಣ್ಣಿಗೆ ಕಾಣುವಂತಿದೆ: ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಮುಂದುವರಿದು, ಕೆಳಗೆ ಊರಿನ ಮಗ್ಗುಲಿನ ಸಂತೆ ಹೊಂಡದವರೆಗೆ ಸಾಗುವಂತೆ ಕಟ್ಟಲಾಗಿದೆ. ಮೇಲೆ ಬಿದ್ದ ಒಂದು ಹನಿಯೂ ಒಂದೇ ಸಲಕ್ಕೆ ಬೆಟ್ಟ ಬಿಟ್ಟು ಹೋಗಬಾರದೆಂಬ ಛಲ ಅದರಲ್ಲಿದೆ.

ಇನ್ನೊಂದು ಸಂಗತಿಯನ್ನು ತಿಳಿದಿದ್ದರೆ ನೋಟವೇ ಬದಲಾಗುತ್ತದೆ. ಹೊಂಡದ ಗೋಡೆಗಳಲ್ಲಿ ಅಥವಾ ಅದರ ಪಕ್ಕದ ಬಂಡೆಯಲ್ಲಿ ಸಾಲಾಗಿ, ಸಮಾನ ಅಂತರದಲ್ಲಿ, ಬೆಂಕಿಪೊಟ್ಟಣದ ಗಾತ್ರದ ಆಯತಾಕಾರದ ಗುಳಿಗಳು ಕಂಡರೆ ಅವು ಬೆಣೆ ಹೊಡೆದು ಕಲ್ಲು ಸೀಳಿದ ಗುರುತುಗಳು. ಅಂದರೆ ಕೋಟೆಗೆ ಬೇಕಾದ ಕಲ್ಲನ್ನು ಕೆಳಗಿನಿಂದ ಹೊತ್ತು ತರದೆ ಅಲ್ಲಿಯೇ ತೆಗೆದರು. ಕಲ್ಲು ತೆಗೆದ ಗುಂಡಿಯೇ ನೀರು ನಿಲ್ಲುವ ಹೊಂಡವಾಯಿತು. ನಿಮ್ಮ ಎದುರಿನ ಗೋಡೆಯೂ ಪಕ್ಕದ ಹೊಂಡವೂ ಒಂದೇ ಕೆಲಸದ ಎರಡು ಮುಖಗಳು. ಗೋಡೆಯ ಕಲ್ಲಿನ ಅಂಚಿನಲ್ಲಿ ಅರ್ಧ ಸೀಳಿದ ಗುಳಿಗಳನ್ನು ಹುಡುಕಿ, ಹೊಂಡದ ಬಂಡೆಯಲ್ಲಿ ಉಳಿದ ಇನ್ನರ್ಧದೊಂದಿಗೆ ಹೋಲಿಸಿ ನೋಡುವುದು ಮಕ್ಕಳಿಗೆ ಬಹಳ ಹಿಡಿಸುವ ಕೆಲಸ.

ನೀರಿನ ಈ ಚಿಂತೆ ಒಂದು ನಾಡಿಗೆ ಸೀಮಿತವಾದದ್ದಲ್ಲ. ಮೃತ ಸಮುದ್ರದ ದಡದ ಮಸಾಡ ಕೋಟೆ ನಿಂತಿರುವುದು ಮರುಭೂಮಿಯಲ್ಲಿ. ಹೆರೋದ್ ರಾಜನ ಕಾಲದವರು ಅಪರೂಪದ ಮಳೆಗೆ ಕ್ಷಣಕಾಲ ಉಕ್ಕುವ ಹಳ್ಳಗಳಿಗೆ ಒಡ್ಡು ಕಟ್ಟಿ, ಕಾಲುವೆ ತೆಗೆದು, ಬೆಟ್ಟದ ಮಗ್ಗುಲಲ್ಲಿ ಎರಡು ಸಾಲಾಗಿ ಕೊರೆದ 12 ದೊಡ್ಡ ತೊಟ್ಟಿಗಳನ್ನು ತುಂಬಿಸುತ್ತಿದ್ದರು. ಅವು ಒಟ್ಟು ಹಿಡಿಯುತ್ತಿದ್ದದ್ದು ಸುಮಾರು 40,000 ಘನ ಮೀಟರ್, ಅಂದರೆ 4 ಕೋಟಿ ಲೀಟರ್. ಕ್ರಿ.ಶ. 73-74ರ ಸುಮಾರಿಗೆ ರೋಮನ್ ಸೇನೆ ಅದನ್ನು ಮುತ್ತಿದಾಗ ನೀರನ್ನು ದೂರದಿಂದ ಹೊತ್ತು ತರಿಸಬೇಕಾಗಿ ಬಂದದ್ದು ಮುತ್ತಿದವರಿಗೇ. ಬಾಯಾರಿಕೆಯಿಂದ ಕೋಟೆ ಬೀಳದೆಂದು ತಿಳಿದ ಮೇಲೆ ಅವರು ಪಶ್ಚಿಮದ ಕಡೆ ಮಣ್ಣು ಕಲ್ಲುಗಳ ಇಳಿಜಾರನ್ನೇ ಎತ್ತರಕ್ಕೆ ಕಟ್ಟಿ ಗೋಡೆ ಮುಟ್ಟಿದರು. ಆ ಇಳಿಜಾರು ಇಂದಿಗೂ ಹಾಗೆಯೇ ಇದೆ. ಗ್ರೀಸಿನ ಮೈಸಿನಿಯಲ್ಲಿ ಕ್ರಿ.ಪೂ. 13ನೆಯ ಶತಮಾನದಲ್ಲಿ ಕೋಟೆಗೋಡೆಯ ಒಳಗಿನಿಂದ ಮೆಟ್ಟಿಲು ಇಳಿಸಿ, ನೆಲದಡಿ ಸುಮಾರು 18 ಮೀಟರ್ ಆಳದಲ್ಲಿ ತೊಟ್ಟಿ ಮಾಡಿ, ಹೊರಗಿನ ಚಿಲುಮೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ತಂದಿದ್ದರು. ಚಿತ್ತೋಡಗಢದ ವಿಶಾಲ ಬೆಟ್ಟದ ಮೇಲೆ ಹಿಂದೆ 84 ಜಲಾಶಯಗಳಿದ್ದವೆಂದು ಹೇಳುತ್ತಾರೆ. ಈಗ ಉಳಿದಿರುವುದು 22.

ನೀರು ಒಳಗೆ ಬರುವ ದಾರಿ ಎಷ್ಟು ಮುಖ್ಯವೋ ಹೊರಗೆ ಹೋಗುವ ದಾರಿಯೂ ಅಷ್ಟೇ ಮುಖ್ಯ, ಏಕೆಂದರೆ ನೀರು ಹೊರಹೋಗುವ ಕಂಡಿಯಿಂದ ಮನುಷ್ಯ ಒಳಬರಬಹುದು. ಫ್ರಾನ್ಸಿನ ಶಾತೊ ಗಯ್ಯಾರ್ ಕೋಟೆಯನ್ನು ಇಂಗ್ಲೆಂಡಿನ ಅರಸ ಮೊದಲನೆಯ ರಿಚರ್ಡ್ 1196ರಿಂದ 1198ರ ನಡುವೆ ಬಹಳ ಜಾಣತನದಿಂದ ಕಟ್ಟಿಸಿದ್ದ. 1204ರಲ್ಲಿ ಫ್ರೆಂಚ್ ಸೈನಿಕರು ಅದರ ಒಂದು ಸುತ್ತಿನೊಳಗೆ ನುಸುಳಿದ್ದು ಶೌಚದ ಕಂಡಿಯಿಂದ ಎಂದು ಕೆಲವರೂ, ಪ್ರಾರ್ಥನಾ ಮಂದಿರದ ಕಿಟಕಿಯಿಂದ ಎಂದು ಕೆಲವರೂ ಹೇಳುತ್ತಾರೆ. ಯಾವುದೇ ಆದರೂ ಗೋಡೆ ಒಡೆದು ಬಂದದ್ದಲ್ಲ. ನಮ್ಮ ಓಬವ್ವನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೆನೆಯಿರಿ. ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದುದನ್ನು ಅವಳು ಕಂಡದ್ದು, ಕಾವಲುಗಾರ ಗಂಡ ಊಟಕ್ಕೆ ಕುಳಿತಾಗ ನೀರು ತರಲೆಂದು ಹೋದ ಹೊತ್ತಿನಲ್ಲಿ. ಆ ಕಥೆಯ ಒನಕೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದೇವೆ, ಕೊಡವನ್ನು ಮರೆತಿದ್ದೇವೆ. ಅಲ್ಲಿಗೆ ಹೋದವರು ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮರಳುವ ಬದಲು ಹತ್ತಿರದ ತಣ್ಣೀರು ದೋಣಿ ಎಂಬ ನೀರಿನ ತಾವಿನ ತನಕ ನಡೆದು ಹೋದರೆ, ಕಥೆಯ ನಡಿಗೆ ಎಷ್ಟು ದೂರದ್ದಿತ್ತು, ಅವಳಿಗೆ ಸಪ್ಪಳ ಏಕೆ ಕೇಳಿಸಿರಬಹುದು ಎಂಬುದು ಕಾಲಿಗೇ ತಿಳಿಯುತ್ತದೆ.

ಇದರಲ್ಲಿಯೇ ಕಥೆಗಳ ಬಗ್ಗೆ ನೀವು ಕೇಳಿದ ಪ್ರಶ್ನೆಗೂ ಒಂದು ದಾರಿಯಿದೆ. ಸ್ಥಳೀಯರು ಹೇಳುವ ಕಥೆಗಳನ್ನು ಕಟ್ಟುಕಥೆಯೆಂದು ತಳ್ಳಿಹಾಕುವ ಪಂಡಿತರನ್ನು ನಾನು ಒಪ್ಪುವುದಿಲ್ಲ, ಹೇಳಿದ್ದನ್ನೆಲ್ಲ ಇತಿಹಾಸವೆಂದು ಬರೆದುಕೊಳ್ಳುವುದನ್ನೂ ಒಪ್ಪುವುದಿಲ್ಲ. ಕಥೆಯನ್ನು ಸ್ಥಳದ ಮೇಲೆ ಇಟ್ಟು ನೋಡಬೇಕು: ಅದು ಹೇಳುವ ದೂರ, ಎತ್ತರ, ದಿಕ್ಕು, ನೋಟ ನಿಜವಾದ ನೆಲಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು. ಗೋಲ್ಕೊಂಡದ ಫತೇ ದರ್ವಾಜಾದ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರ್ ದೂರದ ಬಾಲಾ ಹಿಸಾರ್ ನೆತ್ತಿಯಲ್ಲಿ ಕೇಳಿಸುತ್ತದೆ ಎಂಬುದು ಕೇಳಲು ಉತ್ಪ್ರೇಕ್ಷೆಯಂತಿದ್ದರೂ, ಇಬ್ಬರು ಎರಡು ಕಡೆ ನಿಂತು ಸ್ವತಃ ಪರೀಕ್ಷಿಸಿ ನೋಡಬಹುದಾದ ಸತ್ಯ. ಹತ್ತಾರು ಮೈಲಿ ದೂರದ ಇನ್ನೊಂದು ಊರಿಗೆ ಹೋಗುವ ಸುರಂಗದ ಕಥೆ ಮಾತ್ರ ಹೆಚ್ಚುಕಡಿಮೆ ಎಲ್ಲ ಕೋಟೆಗಳಲ್ಲೂ ಇದೆ, ಮತ್ತು ನಾನು ನೋಡಿದ ಕಡೆಗಳಲ್ಲೆಲ್ಲ ಆ ಬಾಯಿ ಕೆಲವು ಹೆಜ್ಜೆಗಳಲ್ಲೇ ನೀರಿನ ಮೋರಿಯಾಗಿಯೋ, ಧಾನ್ಯ ತುಂಬುವ ಹಗೇವಾಗಿಯೋ, ಗೋಡೆಯಾಚೆ ತೆರೆಯುವ ದಿಡ್ಡಿ ಬಾಗಿಲಿನ ಓಣಿಯಾಗಿಯೋ ಮುಗಿದಿದೆ. ಗಟ್ಟಿ ಕಣಶಿಲೆಯಲ್ಲಿ ಮೈಲಿಗಟ್ಟಲೆ ಕೊರೆಯುವುದು, ಒಳಗೆ ಗಾಳಿ ಆಡಿಸುವುದು, ತುಂಬುವ ನೀರನ್ನು ಹೊರಹಾಕುವುದು ಆ ಕಾಲದ ಕೈಗೆ ಎಟುಕುವಂಥದ್ದಾಗಿರಲಿಲ್ಲ. ನಿಧಿಯ ಕಥೆ ಕೇವಲ ಸುಳ್ಳಲ್ಲ, ಅಪಾಯಕಾರಿ; ಅದನ್ನು ನಂಬಿ ಅಗೆದವರು ಹಾಳುಮಾಡಿದ ನೆಲಗಟ್ಟು, ಉರುಳಿಸಿದ ವಿಗ್ರಹ, ಒಡೆದ ಶಾಸನಗಳನ್ನು ಕಂಡು ನಾನು ಬಹಳ ನೊಂದಿದ್ದೇನೆ. ಮಗಳ ಮುಂದೆ ಅಂಥ ಗುಂಡಿ ಕಂಡರೆ ಅದು ಏನೆಂದು ಮುಚ್ಚುಮರೆಯಿಲ್ಲದೆ ಹೇಳಿ.

ಬಾಗಿಲುಗಳಿಗೆ ಬರೋಣ. ಬೆಟ್ಟ ಹತ್ತುವ ಆತುರದಲ್ಲಿ ಜನ ಬಾಗಿಲನ್ನು ದಾಟಿಬಿಡುತ್ತಾರೆ, ಆದರೆ ಕೋಟೆಯ ಬುದ್ಧಿ ಹೆಚ್ಚಾಗಿ ಕೆಲಸ ಮಾಡಿರುವುದು ಅಲ್ಲಿಯೇ. ದಾರಿ ಬಾಗಿಲಿಗೆ ನೇರವಾಗಿ ಬರುತ್ತದೆಯೇ, ಇಲ್ಲವೇ ಕೊನೆಯ ಗಳಿಗೆಯಲ್ಲಿ ಥಟ್ಟನೆ ತಿರುಗುತ್ತದೆಯೇ ಎಂದು ಗಮನಿಸಿ. ತಿರುವಿದ್ದರೆ ಆನೆಗಾಗಲಿ ದೊಡ್ಡ ದಿಮ್ಮಿ ಹಿಡಿದ ಆಳುಗಳಿಗಾಗಲಿ ಓಡಿಬಂದು ಗುದ್ದಲು ಜಾಗವಿರುವುದಿಲ್ಲ. ಮೈಸಿನಿಯ ಸಿಂಹದ್ವಾರದ ಮುಂದೆ ಬಲಗಡೆಗೆ ಚಾಚಿದ ಕೊತ್ತಲವೊಂದಿದೆ. ಎಡಗೈಯಲ್ಲಿ ಗುರಾಣಿ ಹಿಡಿದು ಬರುವವನ ಬಲಮಗ್ಗುಲು ಬರಿದಾಗಿರುವುದರಿಂದ ಮೇಲಿನಿಂದ ಬಾಣ, ಈಟಿ, ಕಲ್ಲು ಎಲ್ಲವೂ ಆ ಬರಿದಾದ ಮಗ್ಗುಲಿಗೆ ಬೀಳಬೇಕೆಂಬ ಲೆಕ್ಕ ಅದು. ರಾಯಗಡದ ಮಹಾದರ್ವಾಜಾ ಎರಡು ಬುರುಜುಗಳ ಮಡಿಕೆಯಲ್ಲಿ ಹೇಗೆ ಅಡಗಿದೆಯೆಂದರೆ ದೂರದಿಂದ ನೋಡುವವರಿಗೆ ಬಾಗಿಲು ಎಲ್ಲಿದೆಯೆಂಬುದೇ ತಿಳಿಯದು. ಮರದ ಕದಗಳು ಎಂದೋ ಹೋಗಿರುತ್ತವೆ. ಅವು ತಿರುಗುತ್ತಿದ್ದ ಗುಂಡನೆಯ ಕುಳಿಗಳು ಹೊಸ್ತಿಲಿನಲ್ಲೂ ಮೇಲಿನ ತೊಲೆಯಲ್ಲೂ ಉಳಿದಿರುತ್ತವೆ, ಅಗುಳಿಯ ದಿಮ್ಮಿಯನ್ನು ಎಳೆದು ಸೇರಿಸುತ್ತಿದ್ದ ಆಳವಾದ ಚೌಕ ರಂಧ್ರಗಳು ಎರಡೂ ಬದಿಯ ಗೋಡೆಯಲ್ಲಿರುತ್ತವೆ. ಆ ರಂಧ್ರದೊಳಗೆ ಕೈ ಹಾಕಬೇಡಿ, ಹಾವು ಚೇಳುಗಳಿಗೆ ಅದು ಇಷ್ಟದ ತಾವು. ಟಾರ್ಚ್ ಬಿಟ್ಟು ನೋಡಿದರೆ ಸಾಕು. ಕುಳಿಯ ಸವೆತವನ್ನು ನೋಡಿದರೆ ಆ ಕದ ಎಷ್ಟು ತಲೆಮಾರುಗಳ ಕಾಲ ತೆರೆದು ಮುಚ್ಚಿತು ಎಂಬ ಅರಿವು ಮೂಡುತ್ತದೆ. ಇಷ್ಟೆಲ್ಲ ಮಾಡಿದರೂ ಬಾಗಿಲು ಕೊನೆಗೆ ಒಳಗಿನವರ ಕೈಯಲ್ಲೇ ಇರುತ್ತದೆ: 1687ರಲ್ಲಿ ಔರಂಗಜೇಬನ ಸೇನೆ ಗೋಲ್ಕೊಂಡವನ್ನು ಎಂಟು ತಿಂಗಳು ಮುತ್ತಿಯೂ ಗೆಲ್ಲಲಾರದೆ, ಒಳಗಿನವರು ಬಾಗಿಲು ತೆರೆದುಕೊಟ್ಟ ಮೇಲೆ ಒಳನುಗ್ಗಿತು.

ಗೋಡೆಗಳ ವಿಷಯದಲ್ಲಿ ಒಂದು ಕೋಟೆಗೆ ಒಂದೇ ಕಾಲ ಎಂಬ ಎಣಿಕೆಯನ್ನು ಬಿಡಬೇಕು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ವಾತಾಪಿಯ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಜಯಿಸಲಾಗದ ದುರ್ಗವಾಗಿ ಮಾಡಿದುದನ್ನು ಅದು ಶಕವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ ದಾಖಲಿಸುತ್ತದೆ. ಆದರೆ ಇಂದು ಅದೇ ಬೆಟ್ಟ ಹತ್ತಿದವರಿಗೆ ಕಾಣುವ ಗೋಡೆ, ಬತೇರಿಗಳಲ್ಲಿ ಸಾವಿರ ವರ್ಷ ಈಚಿನ, ಫಿರಂಗಿಯ ಕಾಲದ ಕೆಲಸವೂ ಬೆರೆತಿದೆ. ಗಾರೆಯಿಲ್ಲದೆ ಕೂರಿಸಿದ ದೊಡ್ಡ ಕಲ್ಲುಗಳ ಸಾಲಿನ ಮೇಲೆ ಗಾರೆ ಹಾಕಿದ ಸಣ್ಣ ಕಲ್ಲಿನ ಕೆಲಸ ಕಂಡರೆ, ಅಥವಾ ಗೋಡೆಯ ನಡುವೆ ನೆಟ್ಟಗೆ ಒಂದು ಬೆಸುಗೆಗೆರೆ ಮೇಲಿನಿಂದ ಕೆಳಗೆ ಇಳಿದಿದ್ದರೆ, ಅಲ್ಲಿ ಎರಡು ಕಾಲಗಳು ಭೇಟಿಯಾಗಿವೆ ಎಂದು ತಿಳಿಯಿರಿ. ಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ಎದ್ದ ತೆನೆಗಳ ನಡುವಿನ ಕಿಂಡಿ ಕಿರಿದಾಗಿ ಉದ್ದಕ್ಕಿದ್ದರೆ ಬಾಣಕ್ಕೆ, ಸಣ್ಣದಾಗಿ ಕೆಳಮುಖವಾಗಿ ಇಳಿದಿದ್ದರೆ ಬಂದೂಕಿಗೆ, ಅಗಲವಾಗಿ ತೆರೆದಿದ್ದರೆ ಫಿರಂಗಿಗೆ ಎಂಬುದು ಸ್ಥೂಲವಾದ ಗುರುತು. ಟಿಪ್ಪು ಸುಲ್ತಾನನ ಕಾಲದಲ್ಲಿ 1792ರ ಹೊತ್ತಿಗೆ ಮುಗಿದ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯ ಎಂಟು ಕೋನಗಳ ನಕ್ಷತ್ರಾಕಾರ ಯಾವ ಕೋನದಿಂದ ಗುಂಡು ಹಾರಿಸಿದರೂ ಪಕ್ಕದ ಗೋಡೆಯ ಬುಡ ಕಾಪಾಡಲ್ಪಡಲಿ ಎಂಬ ಲೆಕ್ಕದಿಂದ ಬಂದದ್ದು. ಅದನ್ನು ಅಲಂಕಾರವೆಂದು ತಿಳಿಯುವುದು ತಪ್ಪು.

ಅರಮನೆಯ ಅವಶೇಷಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ಹಾಳಾಗಿರುವುದೂ, ಎಲ್ಲಕ್ಕಿಂತ ಹೆಚ್ಚು ಊಹೆಗೆ ಎಡೆಕೊಡುವುದೂ ಅದೇ. ಅದಕ್ಕಿಂತ ಕಣಜ, ಹಗೇವು, ಮದ್ದಿನ ಮನೆಗಳನ್ನು ಹುಡುಕಿ. ಪನ್ಹಾಳದ ಅಂಬರಖಾನಾದಂಥ ಭಾರಿ ಕಣಜಗಳು ಕೆಲವು ಕಡೆ ಪೂರ್ತಿಯಾಗಿ ಉಳಿದಿವೆ. ಬರಿಬಂಡೆಯ ಮೇಲೆ ಕ್ರಮವಾಗಿ ಕೊರೆದ ಗುಳಿಗಳ ಸಾಲು ಕಂಡರೆ ಅಲ್ಲಿ ಮರದ ಕಂಬಗಳ ಮೇಲೆ ನಿಂತ ಮನೆಯೋ ಚಾವಡಿಯೋ ಇತ್ತೆಂದು ಊಹಿಸಬಹುದು. ಕೋಟೆಯಲ್ಲಿ ಇದ್ದವರಲ್ಲಿ ಹೆಚ್ಚಿನವರು ಅಂಥ ಮನೆಗಳಲ್ಲೇ ಬದುಕಿದರು. ಅವರ ಗುರುತಾಗಿ ಉಳಿದಿರುವುದು ಆ ಗುಳಿಗಳು ಮಾತ್ರ.

ಕೋಟೆ ಹೇಗೆ ಪಾಳುಬಿತ್ತು ಎಂಬುದನ್ನೂ ಓದಲು ಬರುತ್ತದೆ. ಯುದ್ಧದಲ್ಲಿ ಒಡೆದದ್ದು ಒಂದೇ ಮಗ್ಗುಲಿನಲ್ಲಿ, ಶತ್ರುವಿಗೆ ಅನುಕೂಲವಾದ ದಿಕ್ಕಿನಲ್ಲಿ ಹೆಚ್ಚಾಗಿರುತ್ತದೆ. ಮನೆ ಕಟ್ಟಲು ಜನ ಕಲ್ಲು ಕೊಂಡೊಯ್ದಿದ್ದರೆ ಕೈಗೆಟುಕುವ, ಹೊರಲು ಬರುವ ಕಲ್ಲುಗಳೇ ಮಾಯವಾಗಿರುತ್ತವೆ. ಪೆರುವಿನ ಕುಸ್ಕೊ ನಗರದ ಮೇಲಿನ ಸಾಕ್ಸಾಯ್ವಾಮಾನ್ ಕೋಟೆಯ ಕಲ್ಲುಗಳನ್ನು ಸ್ಪೇನಿನವರು ನಗರ ಕಟ್ಟಲು ಸಾಗಿಸಿದರು. ಸಾಗಿಸಲಾಗದಷ್ಟು ಭಾರದ ಕಲ್ಲುಗಳು ಮಾತ್ರ, ಕೆಲವಂತೂ ನೂರು ಟನ್ನಿಗೂ ಮೀರಿದವು, ಅಂಕುಡೊಂಕಾದ ಸಾಲಿನಲ್ಲಿ ಇಂದಿಗೂ ನಿಂತಿವೆ. ಉಳಿದ ಕಡೆಗಳಲ್ಲಿ ನಾಶಕ್ಕೆ ಕಾರಣ ಮತ್ತೆ ನೀರೇ. ಮಾಡು ಕುಸಿದ ಮೇಲೆ ಮಳೆನೀರು ಗೋಡೆಯ ನೆತ್ತಿಯಿಂದ ಒಳಗಿಳಿಯುತ್ತದೆ, ಗಾರೆಯನ್ನು ತೊಳೆದು ಒಯ್ಯುತ್ತದೆ, ಆಲ ಅರಳಿಗಳ ಬೇರಿಗೆ ದಾರಿ ಮಾಡುತ್ತದೆ. ಒಳಗಿನ ಮಣ್ಣುಕಲ್ಲು ಉಬ್ಬಿ ಹೊರಮೈಯ ಕಲ್ಲುಗಳನ್ನು ಹೊಟ್ಟೆಯಂತೆ ಮುಂದಕ್ಕೆ ತಳ್ಳುತ್ತದೆ. ಹೊಟ್ಟೆ ಬಿಟ್ಟ ಗೋಡೆಯ ಬುಡದಲ್ಲಿ ಕೂರಬೇಡಿ, ನೆರಳು ಎಷ್ಟೇ ಹಿತವಾಗಿರಲಿ.

ಹೊಸದಾಗಿ ಕಟ್ಟಿದ ಭಾಗ ಯಾವುದು, ಮೂಲದ್ದು ಯಾವುದು ಎಂದು ಬೇರ್ಪಡಿಸಿ ನೋಡುವುದನ್ನೂ ರೂಢಿಸಿಕೊಳ್ಳಿ. ಮಸಾಡದಲ್ಲಿ ಗೋಡೆಗಳ ಮೇಲೆ ಒಂದು ಕಪ್ಪು ಗೆರೆ ಎಳೆದಿದ್ದಾರೆ: ಗೆರೆಯ ಕೆಳಗಿನದು ಉತ್ಖನನದಲ್ಲಿ ಸಿಕ್ಕ ಹಾಗೆಯೇ ಇರುವುದು, ಮೇಲಿನದು ಮತ್ತೆ ಕಟ್ಟಿದ್ದು. ನೋಡುಗರಿಗೆ ಇದಕ್ಕಿಂತ ಪ್ರಾಮಾಣಿಕವಾದ ನಡವಳಿಕೆ ಇಲ್ಲ. ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ಸ್ಮಾರಕಗಳ ಸಂರಕ್ಷಣೆಯನ್ನು ಕುರಿತ 1964ರ ವೆನಿಸ್ ಸನ್ನದು ಹೇಳಿದ್ದು ಕೂಡ ಇದೇ ಕಾಳಜಿಯಿಂದ. ಹಳೆಯ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದ್ದು ಕಂಡರೆ ಅದು ನನಗೆ ಬೇಸರ ತರುತ್ತದೆ, ಏಕೆಂದರೆ ಸಿಮೆಂಟ್ ಗೋಡೆಯೊಳಗಿನ ತೇವವನ್ನು ಹೊರಬಿಡದೆ ಹಿಡಿದಿಟ್ಟು, ಉಪ್ಪು ಕಟ್ಟಿಸಿ, ಪಕ್ಕದ ಮೂಲ ಕಲ್ಲು ಪದರ ಪದರವಾಗಿ ಉದುರುವಂತೆ ಮಾಡುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತುವವರಲ್ಲಿ ಕೆಲವರು ಶ್ರೀಲಂಕಾದ ಸಿಗಿರಿಯದ, ಕನ್ನಡಿಯಂತೆ ನುಣುಪಾಗಿದ್ದುದರಿಂದ ಕನ್ನಡಿ ಗೋಡೆ ಎನಿಸಿದ ಗೋಡೆಯನ್ನು ಸಮರ್ಥನೆಗೆ ತರುತ್ತಾರೆ. ಅಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಸಂದರ್ಶಕರು ಗೀಚಿದ ಪದ್ಯಗಳು ಇಂದು ಅಮೂಲ್ಯವಾಗಿವೆ ಎಂಬುದು ನಿಜ. ಆದರೆ ಈಗ ಅದರ ಮೇಲೆ ಗೀಚುವ ಹೊಸ ಹೆಸರು ಆ ಪದ್ಯಗಳನ್ನೇ ಅಳಿಸುತ್ತದೆ.

ಹೊರಡುವ ಮೊದಲು ಆ ಬೆಟ್ಟದ ಉಪಗ್ರಹ ಚಿತ್ರವನ್ನು ಮೊಬೈಲಿನಲ್ಲಿ ತೆರೆದು, ಹೊಂಡಗಳೆಷ್ಟಿವೆ, ಗೋಡೆ ಯಾವ ಏಣನ್ನು ಹಿಡಿದು ಸಾಗುತ್ತದೆ ಎಂದು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಮೇಲೆ ಹೋದಾಗ ಮುಳ್ಳುಗಿಡಗಳ ನಡುವೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಮಳೆಗಾಲ ಮುಗಿದು ಕೆಲವು ವಾರಗಳಾದ ಮೇಲಿನ ದಿನಗಳು ಒಳ್ಳೆಯವು: ಹೊಂಡಗಳಲ್ಲಿ ನೀರಿರುತ್ತದೆ, ಬಂಡೆಯ ಜಾರು ಕಡಿಮೆಯಾಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಕೋಟೆಯನ್ನು ಹತ್ತುವ ಮೊದಲು ಸಾಧ್ಯವಾದರೆ ಬುಡದಲ್ಲಿ ಅರ್ಧ ಸುತ್ತು ಹಾಕಿ, ಮುತ್ತಲು ಬಂದವನ ಕಣ್ಣಿನಿಂದ ಅದನ್ನು ನೋಡಿ. ಸೂರ್ಯ ಏರುವ ಮೊದಲೇ ಮೆಟ್ಟಿಲ ಬುಡದಲ್ಲಿದ್ದರೆ ಓರೆಬೆಳಕೂ ತಂಪೂ ಎರಡೂ ಸಿಗುತ್ತವೆ.

ಅಪಾಯಗಳಲ್ಲಿ ಮೊದಲನೆಯದು ಹೊಂಡಗಳದ್ದೇ. ಕಡಿದಾಗಿ ಕೊರೆದ ಹೊಂಡದ ಬದಿಗಳಿಗೆ ಹತ್ತಿ ಬರಲು ಹಿಡಿತವಿರುವುದಿಲ್ಲ, ಪಾಚಿಯ ಕೆಳಗಿನ ಆಳ ತಿಳಿಯುವುದಿಲ್ಲ. ಈಜು ಬಲ್ಲವರೂ ಇಂಥ ಕಡೆ ಪ್ರಾಣ ಕಳೆದುಕೊಳ್ಳುತ್ತಾರೆ. ಮಗಳು ಅಂಚಿನಿಂದ ಒಂದು ಮಾರು ಹಿಂದೆಯೇ ನಿಂತು ಅಳತೆ ಮಾಡಲಿ. ಹುಲ್ಲು ಮುಚ್ಚಿದ ಹಗೇವು, ಬಾಯ್ತೆರೆದ ಬಾವಿಗಳು ಇರಬಹುದಾದ್ದರಿಂದ ಸವೆದ ಕಾಲುದಾರಿಯನ್ನು ಬಿಟ್ಟು ಹುಲ್ಲಿನೊಳಗೆ ನಡೆಯಬಾರದು. ಎರಡನೆಯದು ಹೆಜ್ಜೇನು. ಬಂಡೆಯ ಚಾಚಿನಡಿ, ಬಾಗಿಲಿನ ಕಮಾನಿನಲ್ಲಿ ಕಪ್ಪು ಪರದೆಯಂತೆ ತೂಗುವ ಹುಟ್ಟುಗಳು ಕಂಡರೆ ಸದ್ದಿಲ್ಲದೆ ದೂರ ಸರಿಯಿರಿ. ಹೊಗೆ, ಗಾಢ ಸುಗಂಧ, ಕಲ್ಲೆಸೆತ ಅವನ್ನು ಕೆರಳಿಸುತ್ತವೆ. ಎರಗಿದರೆ ಮುಖ ಮುಚ್ಚಿಕೊಂಡು ಬೇಗ ದೂರ ಹೋಗಬೇಕು, ನೀರಿಗೆ ಮಾತ್ರ ಧುಮುಕಬಾರದು. ಗುಡುಗಿನ ಸದ್ದು ಕಿವಿಗೆ ಬಿದ್ದ ಕೂಡಲೇ ನೆತ್ತಿಯಿಂದ ಇಳಿಯಲು ತೊಡಗಬೇಕು; ಧ್ವಜಸ್ತಂಭ, ಒಂಟಿಮರ, ಕಾವಲು ಗೋಪುರಗಳ ಕೆಳಗೆ ನಿಲ್ಲಬಾರದು. ಕುಡಿಯುವ ನೀರನ್ನು ತಲೆಗೆ ಎರಡು ಮೂರು ಲೀಟರಿನಂತೆ ನೀವೇ ಕೊಂಡೊಯ್ಯಿರಿ; ಹೊಂಡದ ನೀರು ಅಂದು ಕುಡಿಯುವಂಥದ್ದಾಗಿತ್ತು, ಈಗ ಅಲ್ಲ.

ತಂದೆಯವರ ವಿಷಯದಲ್ಲಿ ನನ್ನ ಸಲಹೆ ನಿಮಗೆ ವಿಚಿತ್ರವೆನಿಸಬಹುದು: ನೆತ್ತಿಯವರೆಗೆ ಹೋಗಲೇಬೇಕೆಂಬ ಹಟ ಬೇಡ. ಬಹುಪಾಲು ಬೆಟ್ಟದ ಕೋಟೆಗಳಲ್ಲಿ ಅತ್ಯುತ್ತಮವಾದ ಬಾಗಿಲು, ದೊಡ್ಡ ಗೋಡೆ, ದೊಡ್ಡ ಹೊಂಡ ಕೆಳಗಿನ ಎರಡು ಮೂರು ಸುತ್ತುಗಳಲ್ಲೇ ಇರುತ್ತವೆ. ಮೇಲಿನ ತುದಿಯಲ್ಲಿ ಸಿಗುವುದು ವಿಶಾಲವಾದ ನೋಟ ಮತ್ತು ಗಾಳಿ. ಅವರು ಹೃದಯ, ಮಂಡಿ, ರಕ್ತದೊತ್ತಡಗಳಿಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಮೊದಲು ಕೇಳಿ, ಎರಡನೆಯ ಸುತ್ತಿನ ಹೊಂಡದ ಬಳಿ ನೆರಳಿರುವ, ಗೋಡೆ ಗಟ್ಟಿಯಿರುವ ತಾವು ನೋಡಿ ಕೂರಿಸಿ, ಒಬ್ಬರು ಜೊತೆಗಿರಿ. ಉಳಿದವರು ಮೇಲೆ ಹೋಗಿ, ಕಾಲುವೆಯ ಜಾಡು ಹಿಡಿದು ಅದೇ ಹೊಂಡಕ್ಕೆ ಇಳಿದು ಬರಬಹುದು. ಮಗಳು ತಾನು ಕಂಡ ದಾರಿಯನ್ನು ಅಜ್ಜನಿಗೆ ಅಲ್ಲಿಯೇ ತೋರಿಸಬಹುದು. ಇಳಿಯುವಾಗ ಮಂಡಿಗೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಹೆಚ್ಚು, ಜಾರಿ ಬೀಳುವವರೂ ಇಳಿಯುವಾಗಲೇ ಹೆಚ್ಚು. ಆದ್ದರಿಂದ ಕೈಗೊಂದು ಊರುಗೋಲು ಕೊಟ್ಟು, ಸೂರ್ಯ ಮುಳುಗಲು ಇನ್ನೂ ಎರಡು ಗಂಟೆಯಿರುವಾಗಲೇ ಎಲ್ಲರೂ ಒಟ್ಟಿಗೆ ಇಳಿಯಲು ಆರಂಭಿಸಿ.